ವೆಂಡೆಲ್ ಕ್ರೌಸ್ ಇಳಿಸಿದ ಶ್ರುತಿ

ಮನೆಯಲ್ಲಿದ್ದಾಗಲೂ ವೆಂಡೆಲ್ ಕ್ರೌಸ್ ಬಸ್ಸಿನಲ್ಲಿ ಮಲಗಿದಂತೆಯೇ ಮಲಗುತ್ತಿದ್ದ. ಊರೂರು ತಿರುಗುವ ಬ್ಯಾಂಡಿನವರು ಬಸ್ಸಿನೊಳಗಿನ ಹಲಗೆ ಹಾಸಿಗೆಯಲ್ಲಿ ಕಾಲನ್ನು ಡ್ರೈವರ್ ಕಡೆಗೆ ಚಾಚಿಯೇ ಮಲಗಬೇಕು. ಬಸ್ಸು ಎಲ್ಲಾದರೂ ಗುದ್ದಿದರೆ ಕಾಲು ಮುರಿಯಲಿ, ಕುತ್ತಿಗೆ ಉಳಿಯಲಿ ಎಂಬ ಲೆಕ್ಕಾಚಾರ. ಮನೆ ಎಲ್ಲಿಗೂ ಹೋಗಿ ಗುದ್ದುವುದಿಲ್ಲ. ಆದರೂ ವೆಂಡೆಲ್ ಮಂಚವನ್ನು ತಿರುಗಿಸಿ ಕಾಲನ್ನು ಸರೋವರದ ಕಡೆಗೆ ಹಾಕಿಕೊಂಡಿದ್ದ.

"ಮನೆ ಎಲ್ಲಿಗೆ ಹೊರಟಿದೆ ಅಂತ ಕೇಳಬಹುದಾ?" ಎಂದು ಹೆಂಡತಿ ಮಾರ್ಲಿಸ್ ಮದುವೆಯ ಹೊಸತರಲ್ಲಿ ಕೇಳಿದ್ದಳು.

"ಹೊರಟಾಗ ಹೇಳ್ತೀನಿ. ಈಗ ಮಲಗು."

ತಮಾಷೆಗೆ ಹೇಳಿದ್ದಲ್ಲ ಅದು. ಕಣ್ಣು ಮುಚ್ಚಿದರೆ ಸಾಕು, ಮಂಚದ ಅಡಿಯಲ್ಲಿ ರಸ್ತೆ ಹರಿಯಲು ಶುರುವಾಗುತ್ತಿತ್ತು. ಮೆಕ್ಕೆಜೋಳದ ಹೊಲಗಳು, ನೀರಿನ ಟ್ಯಾಂಕುಗಳ ಮೇಲೆ ಬರೆದ ಊರ ಹೆಸರುಗಳು, ಪೆಟ್ರೋಲ್ ಬಂಕುಗಳ ಹಳದಿ ದೀಪ, ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುವ ಸೇತುವೆ. ಯಾವುದು ಅಯೋವಾ ಯಾವುದು ನೆಬ್ರಾಸ್ಕಾ ಎಂದು ಅವನು ಕೇಳುವುದನ್ನು ಎಂದೋ ಬಿಟ್ಟಿದ್ದ. ಬೆಳಿಗ್ಗೆ ಎದ್ದರೆ ಅಡುಗೆಮನೆಯಿಂದ ಕಾಫಿಯ ವಾಸನೆ ಬರುತ್ತಿತ್ತು, ಆಗ ಇದು ನಮ್ಮೂರು ಪೋರ್ಟ್ ಹ್ಯಾಲರ್ ಎಂದು ಗೊತ್ತಾಗುತ್ತಿತ್ತು.

ನಮ್ಮೂರು ಇರುವುದು ಮಿಷಿಗನ್ ಸರೋವರದ ದಂಡೆಯಲ್ಲಿ, ವಿಸ್ಕಾನ್ಸಿನ್ ರಾಜ್ಯದ ಕಡೆಗೆ. ಊರಿನ ಉತ್ತರಕ್ಕೆ ನೀರಿನೊಳಕ್ಕೆ ಚಾಚಿಕೊಂಡ ಒಂದು ಕಲ್ಲುಕಟ್ಟೆಯಿದೆ, ಅದರ ತುದಿಯಲ್ಲಿ ದೀಪದ ಗೋಪುರ. ಬ್ಯಾಂಡಿಗೆ 'ನಾರ್ತ್ ಪಿಯರ್' ಎಂದು ಹೆಸರು ಬಂದಿದ್ದು ಆ ಕಟ್ಟೆಯಿಂದ. ಅದರ ಬುಡದಲ್ಲಿದ್ದ ಮೀನುಬಲೆಯ ಕೊಟ್ಟಿಗೆಯಲ್ಲಿ ಮೂವರು ಹುಡುಗರು ಅಭ್ಯಾಸಕ್ಕೆ ಕೂತರು. ಸಾಸೇಜ್ ಮಾಡುವ ವೋಸ್ ಕಸಾಯಿಯ ಮಗ ಗ್ಯಾರೆಟ್ ಹಾಡುವವನು. ಲೋನಿ ಎಂಬವನು ಗಿಟಾರಿಗೆ. ದೋಣಿ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತಿದ್ದ ವೆಂಡೆಲ್ ಕೆಳಸ್ವರದ ಬೇಸ್ ಗಿಟಾರಿಗೆ. ಬೇಸ್ ಯಾಕೆಂದರೆ ಅದಕ್ಕೆ ಬೇರೆ ಯಾರೂ ಒಪ್ಪಲಿಲ್ಲ. ಡ್ರಮ್ ಬಾರಿಸಲು ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂಬ ಲೆಕ್ಕವನ್ನು ಊರಿನವರೇ ಕೈಬಿಟ್ಟಿದ್ದಾರೆ.

ಕೊಟ್ಟಿಗೆಯಲ್ಲಿ ಶ್ರುತಿ ಹಿಡಿಯಲು ಯಾವ ಯಂತ್ರವೂ ಇರಲಿಲ್ಲ. ಆದರೆ ಸರೋವರದ ಮೇಲೆ ಮಂಜು ಕವಿದಾಗಲೆಲ್ಲ ಕಟ್ಟೆಯ ತುದಿಯ ಕಹಳೆ ಹಡಗುಗಳಿಗೆ ದಾರಿ ಹೇಳಲು ಊದುತ್ತಿತ್ತು. ಆಳವಾದ, ಎದೆಗೆ ತಾಗುವ ಒಂದೇ ಸ್ವರ. ಹುಡುಗರು ಅದಕ್ಕೇ ತಂತಿ ಬಿಗಿದರು. ಅವರ ಪಾಲಿಗೆ ಅದೇ ತಂಬೂರಿ. ಅವರ ಹೆಸರು ದೇಶದ ಕಿವಿಗೆ ಬಿದ್ದ ಹಾಡು 'ದೀಪ ಕಾಣದ ದಡ' ಕೂಡ ರೆಕಾರ್ಡಿನಲ್ಲಿ ಶುರುವಾಗುವುದು ಆ ಕಹಳೆಯಿಂದಲೇ. ಕಹಳೆ ಊದುತ್ತದೆ, ಅದೇ ಸ್ವರದಲ್ಲಿ ವೆಂಡೆಲ್‌ನ ಬೇಸ್ ಸೇರಿಕೊಳ್ಳುತ್ತದೆ, ಆಮೇಲೆ ಗ್ಯಾರೆಟ್‌ನ ಗಂಟಲು ಮೆಟ್ಟಿಲು ಮೆಟ್ಟಿಲಾಗಿ ಏರಿ, ಹಾಡಿನ ನಡುವೆ ಒಂದು ಕಡೆ ಹೋಗಿ ನಿಲ್ಲುತ್ತದೆ. ಆ ಜಾಗದಲ್ಲಿ ನಮ್ಮೂರಿನ ಎಂಥ ಒರಟರೂ ಬಿಯರ್ ಲೋಟ ಕೆಳಗಿಡುತ್ತಿದ್ದರು. ಪರವೂರಿನ ವೇದಿಕೆಯಲ್ಲಿ ಕಹಳೆ ಇಲ್ಲದ್ದರಿಂದ ಹಾಡು ವೆಂಡೆಲ್‌ನ ಬೇಸಿನಿಂದಲೇ ಶುರುವಾಗುತ್ತಿತ್ತು.

ಆ ಒಂದು ಹಾಡು ಅವರನ್ನು ಎಲ್ಲಿಂದ ಎಲ್ಲಿಗೋ ಹೊತ್ತೊಯ್ದಿತು. ಆಟದ ಮೈದಾನಗಳು ತುಂಬಿದವು, ವಿಮಾನ ಬಂತು, ಉದ್ದ ಕೂದಲು ಬಂತು. ಆಮೇಲೆ ರೇಡಿಯೋದವರಿಗೆ ಬೇರೆ ಹಾಡು ಬೇಕಾಯಿತು, ಕೂದಲು ಉದುರಿತು, ವಿಮಾನ ಹೋಗಿ ಬಸ್ಸು ಉಳಿಯಿತು. ಲೋನಿ ಒಂದು ದಿನ ಟೆಕ್ಸಾಸಿನ ಊಟದ ಮನೆಯೊಂದರಲ್ಲಿ ಚಮಚ ಕೆಳಗಿಟ್ಟು "ನನಗೆ ಸಾಕು" ಎಂದವನು ಎದ್ದು ಹೋದ. ಮೈದಾನದಿಂದ ಜಿಲ್ಲಾ ಜಾತ್ರೆಗೆ, ಅಲ್ಲಿಂದ ಜೂಜಿನ ಮನೆಗಳ ಹಿಂದಿನ ಹಾಲಿಗೆ, ಮುದುಕರು ವಿಹಾರಕ್ಕೆ ಹೋಗುವ ಹಡಗಿಗೆ. ಇಷ್ಟರ ನಡುವೆ ಬ್ಯಾಂಡು ನಿಲ್ಲಲಿಲ್ಲ. ಗ್ಯಾರೆಟ್ ಮುಂದೆ, ವೆಂಡೆಲ್ ಹಿಂದೆ ಎಡಕ್ಕೆ, ಉಳಿದವರು ಬಂದವರು ಹೋದವರು.

ವೆಂಡೆಲ್‌ನನ್ನು ಯಾರೂ ಗುರುತಿಸುತ್ತಿರಲಿಲ್ಲ. ಅಂಗಡಿಯಲ್ಲಿ ಹಾಲಿನ ಡಬ್ಬ ಹಿಡಿದು ನಿಂತವನನ್ನು ಯಾರೋ ಒಮ್ಮೆ ದಿಟ್ಟಿಸಿ ನೋಡಿ, "ಆ ನಾರ್ತ್ ಪಿಯರ್ ಬ್ಯಾಂಡಿದೆಯಲ್ಲ, ಅದರಲ್ಲಿ ಹಿಂದೆ ಒಬ್ಬ ನಿಲ್ತಾನೆ, ಥೇಟ್ ನಿಮ್ಮ ಹಾಗೇ ಇದಾನೆ ಕಣ್ರೀ" ಎಂದಿದ್ದರು. "ಹೌದಾ? ಪಾಪ" ಎಂದು ಇವನು ಹಾಲು ತಂದಿದ್ದ. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಗ್ಯಾರೆಟ್‌ನ ಗಂಟಲು ಆ ಜಾಗಕ್ಕೆ ಏರಿ ನಿಂತಾಗ ವೆಂಡೆಲ್‌ನ ಕಾಲ ಕೆಳಗಿನ ಹಲಗೆ ಇಲ್ಲವಾಗುತ್ತಿತ್ತು. ಎಚ್ಚರವಿದ್ದೂ ಕನಸಿನಲ್ಲಿರುವ ಆ ಕ್ಷಣಕ್ಕಾಗಿ ಅವನು ಬೇಕಾದರೆ ವರ್ಷವಿಡೀ ಬಸ್ಸಿನಲ್ಲಿ ಕುಲುಕಾಡಿಯಾನು. ಬದುಕಿನಲ್ಲಿ ಅವನು ಬೇರೇನನ್ನೂ ಅಷ್ಟು ಆಸೆಪಟ್ಟವನಲ್ಲ.

ಆಪತ್ತು ಬಂದಿದ್ದು ಡುಲುತ್ ಊರಿನ ಜಾತ್ರೆಯಲ್ಲಿ. ಗ್ಯಾರೆಟ್ ನಡುವಯಸ್ಸು ದಾಟಿದ್ದ. ಹಾಡಿನ ಆ ಎತ್ತರದಲ್ಲಿ ಗಂಟಲು ಹಳೆ ಬಾಗಿಲಿನಂತೆ ಕಿರ್ರೆಂದಿತು. ಆಟ ಮುಗಿದ ಮೇಲೆ ಅವನು ಸಾಮಾನಿನ ಲಾರಿಯ ಹಿಂದೆ ಹೋಗಿ ಕೂತ. ವೆಂಡೆಲ್ ಹುಡುಕಿಕೊಂಡು ಹೋದ.

"ಲೋ ವೆಂಡೆಲ್, ಒಂದು ಮಾತು ಹೇಳ್ತೀನಿ ಕೇಳು," ಎಂದ ಗ್ಯಾರೆಟ್. "ಹಾಡಿನ ಶ್ರುತಿ ಕೆಳಗಿಳಿಸಿಕೊಂಡು ಹಾಡೋ ಮುದುಕರನ್ನ ನೋಡಿದೀನಿ. ಅದು ಜನಕ್ಕೆ ಮೋಸ. ನಾನು ಹಾಡು ಇಳಿಸಬೇಕಾದ ದಿನ ಮೈಕ್ ಕೆಳಗಿಟ್ಟು ಅಪ್ಪನ ಹಾಗೆ ಸಾಸೇಜ್ ತುಂಬೋಕೆ ಹೋಗ್ತೀನಿ."

"ಈ ವಯಸ್ಸಲ್ಲಿ ನಿನಗೆ ಸಾಸೇಜ್ ತುಂಬೋ ಕೆಲಸ ಯಾರೋ ಕೊಡ್ತಾರೆ?"

"ತಮಾಷೆ ಅಲ್ಲ ಕಣೋ. ಅವತ್ತಿಗೆ ಬ್ಯಾಂಡು ಮುಗೀತು ಅಂತ ಇಟ್ಕೋ."

ಗ್ಯಾರೆಟ್ ಹೇಳಿದ್ದನ್ನು ಮಾಡುವವನು. ಅದಕ್ಕೇ ವೆಂಡೆಲ್ ಹೆದರಿದ. ಮರುದಿನ ಮುಂದಿನ ಊರಿನಲ್ಲಿ, ಗ್ಯಾರೆಟ್ ಇನ್ನೂ ಬಸ್ಸಿನಲ್ಲಿರುವಾಗಲೇ, ವೆಂಡೆಲ್ ಎಲ್ಲರ ವಾದ್ಯದ ತಂತಿಯನ್ನೂ ಸಡಿಲಿಸಿ ಶ್ರುತಿಯನ್ನು ಅರ್ಧ ಮನೆ, ಎಂದರೆ ಅರ್ಧ ಸ್ವರದಷ್ಟು, ಇಳಿಸಿಬಿಟ್ಟ. ಬೆರಳು ಇಡುವ ಜಾಗ ಅದೇ, ನುಡಿಸುವ ರೀತಿ ಅದೇ, ಶ್ರುತಿ ಮಾತ್ರ ಒಂದು ಕೂದಲು ಕೆಳಗೆ. ಗ್ಯಾರೆಟ್‌ಗೆ ವಾದ್ಯ ಬಾರದು. ಅವನು ತಂತಿಯಿಂದ ಸ್ವರ ತೆಗೆದುಕೊಂಡು ಹೊರಡುವವನು, ತಂತಿ ಎಲ್ಲಿದೆಯೋ ಅಲ್ಲಿಂದ. ಆ ಸಂಜೆ ಅವನ ಗಂಟಲು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು.

"ನೋಡಿದ್ಯೇನೋ? ಗಂಟಲು ವಾಪಸ್ ಬಂತು!" ಎಂದು ಗ್ಯಾರೆಟ್ ಅವನನ್ನು ತಬ್ಬಿಕೊಂಡ. "ನಿನ್ನೆ ಮಲಗೋವಾಗ ಬ್ರಾಂಡಿಗೆ ಜೇನುತುಪ್ಪ ಹಾಕ್ಕೊಂಡು ಕುಡಿದೆ. ಅದೇ ಮಾಡಿದ್ದು!"

ಅಂದಿನಿಂದ ಗ್ಯಾರೆಟ್ ಕಂಡಕಂಡವರಿಗೆಲ್ಲ ಬ್ರಾಂಡಿ ಜೇನಿನ ಉಪದೇಶ ಮಾಡಲು ಹತ್ತಿದ. ಊರಿನ ಪಾದ್ರಿಗೂ ಕುಡಿಸಿದ. ಕೆಲವು ವರ್ಷ ಕಳೆದು ಬ್ರಾಂಡಿಯ ಗುಣ ಮಂಕಾದಾಗ ವೆಂಡೆಲ್ ಇನ್ನರ್ಧ ಮನೆ ಇಳಿಸಿದ. ಮತ್ತೆ ಕೆಲವು ವರ್ಷಕ್ಕೆ ಇನ್ನರ್ಧ. ಒಟ್ಟು ಒಂದೂವರೆ ಮನೆ. ಬ್ಯಾಂಡಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ವೆಂಡೆಲ್ ಪಕ್ಕಕ್ಕೆ ಕರೆದು, "ಇದು ನಮ್ಮನೆ ಪದ್ಧತಿ. ಶ್ರುತಿ ಇಷ್ಟು. ಗ್ಯಾರೆಟ್ ಮುಂದೆ ಇದರ ಮಾತು ಬೇಡ" ಎನ್ನುತ್ತಿದ್ದ. ಅವರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಗ್ಯಾರೆಟ್ ತಮ್ಮ ಹಳೆಯ ರೆಕಾರ್ಡುಗಳನ್ನು ಎಂದೂ ಕೇಳುತ್ತಿರಲಿಲ್ಲ. "ಅದರಲ್ಲಿರೋ ಹುಡುಗ ಯಾರೋ. ನನಗೂ ಅವನಿಗೂ ಏನು ಸಂಬಂಧ?" ಎನ್ನುವ ಮೂಢನಂಬಿಕೆ ಅವನದು. ಆ ಮೂಢನಂಬಿಕೆಯೇ ವೆಂಡೆಲ್‌ನನ್ನು ಕಾಪಾಡಿಕೊಂಡು ಬಂತು.

ಒಮ್ಮೆ ಮಾತ್ರ ಕುತ್ತಿಗೆಗೆ ಬಂದಿತ್ತು. ಗ್ಯಾರೆಟ್, ವೆಂಡೆಲ್, ಮಾರ್ಲಿಸ್ ಮೂವರೂ ಊಟಕ್ಕೆ ಹೋದ ಕಡೆ ಯಾವನೋ ಅಭಿಮಾನಿ ಹಾಡುಪೆಟ್ಟಿಗೆಗೆ ಕಾಸು ಹಾಕಿ ಇವರದೇ ಹಾಡು ಒತ್ತಿದ. ಕಹಳೆ ಊದಿತು, ಹಳೆಯ ಎತ್ತರದಲ್ಲಿ. ವೆಂಡೆಲ್ ಎದ್ದವನೇ ತೊಡರಿಬಿದ್ದಂತೆ ಮಾಡಿ ಪೆಟ್ಟಿಗೆಯ ವೈರನ್ನು ಕಾಲಿನಿಂದ ಕಿತ್ತ. ಅಲ್ಲಿಗೆ ನಿಲ್ಲಿಸದೆ ಗಟ್ಟಿಯಾಗಿ ಪೋಲ್ಕಾ ಕುಣಿತದ ಹಾಡು ಗುನುಗುತ್ತ ಮಾರ್ಲಿಸಳ ಕೈ ಹಿಡಿದು ಟೇಬಲ್ಲುಗಳ ನಡುವೆ ಕುಣಿದ. ಮದುವೆಯ ದಿನವೂ ಹೆಜ್ಜೆ ಹಾಕದ ಮನುಷ್ಯ. ಗ್ಯಾರೆಟ್ ಬಾಯಿಬಿಟ್ಟು ನೋಡುತ್ತಿದ್ದ.

"ನಿನ್ನ ಸುಳ್ಳು ನನ್ನ ಮೊಣಕಾಲು ಮುರಿಯುತ್ತೆ ಒಂದಿನ," ಎಂದು ಮಾರ್ಲಿಸ್ ಅವನ ಕಿವಿಯಲ್ಲಿ ಹೇಳಿದಳು.

ಬ್ಯಾಂಡು ಶುರುವಾಗಿ ಐವತ್ತು ವರ್ಷವಾದಾಗ ನಮ್ಮೂರಿನವರು ಬಂದರಿನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು. ಅದಕ್ಕೆ ಮೊದಲಿನ ಒಂದು ಶುಕ್ರವಾರ ಮಾರ್ಲಿಸ್ ಪರ್ಚ್ ಮೀನು ಕರಿಯುತ್ತಿದ್ದಾಗ ಡೆಲ್ಬರ್ಟ್ ಬಂದ. ಕಟ್ಟೆಯ ಬಳಿಯೇ ದೋಣಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಕಟ್ಟೆಯ ಕಹಳೆ ಎಷ್ಟೋ ವರ್ಷದಿಂದ ಮೂಕವಾಗಿತ್ತು, ಹಡಗಿನವರಿಗೆ ಈಗ ಬೇರೆ ಉಪಕರಣಗಳಿವೆ. ಆದರೆ ಕಹಳೆಯ ಪಕ್ಕದಲ್ಲೇ ಆಯುಷ್ಯ ಕಳೆದ ಡೆಲ್ಬರ್ಟ್‌ಗೆ ಅದರ ಮೇಲಿನ ಮೋಹ ಹೋಗಿರಲಿಲ್ಲ. ಕಿವಿ ಮಾತ್ರ ಹೋಗಿತ್ತು. ಅವನು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ.

"ರೆಡಿ ಆಯ್ತಯ್ಯಾ ಕಹಳೆ!" ಎಂದು ಅರಚಿದ. "ಎರಡು ಚಳಿಗಾಲ ಕೂತು ಬಿಚ್ಚಿ ಕಟ್ಟಿದೀನಿ. ನಿಮ್ಮ ಹಾಡಿಗೆ ರೆಕಾರ್ಡಿನಲ್ಲಿ ಇರೋ ಹಾಗೇ ನಾನೇ ಊದ್ತೀನಿ. ಗ್ಯಾರೆಟ್‌ಗೆ ಹೇಳಿದೆ, ಕುಣಿದಾಡಿಬಿಟ್ಟ!"

ವೆಂಡೆಲ್‌ನ ಕೈಯಲ್ಲಿದ್ದ ಮೀನು ಬಾಯಿಗೆ ಹೋಗಲಿಲ್ಲ. ಕಹಳೆಯ ಸ್ವರ ಇದ್ದಲ್ಲೇ ಇದೆ. ಬ್ಯಾಂಡು ಒಂದೂವರೆ ಮನೆ ಕೆಳಗಿದೆ. ಕಹಳೆ ಊದಿದ ಮೇಲೆ ಬೇಸ್ ಅಲ್ಲಿಗೇ ಹೋಗಿ ಸೇರಬೇಕು, ಇಲ್ಲದಿದ್ದರೆ ಎರಡೂ ನಾಯಿ ಬೆಕ್ಕಿನಂತೆ ಕಿತ್ತಾಡುವುದು ಕಿವಿಯಿದ್ದವರಿಗೆಲ್ಲ ಕೇಳುತ್ತದೆ. ಸೇರಿದರೆ ಗ್ಯಾರೆಟ್ ಹಳೆಯ ಎತ್ತರಕ್ಕೆ ಏರಬೇಕು, ಎಪ್ಪತ್ತು ದಾಟಿದ ಗಂಟಲಿನಲ್ಲಿ, ಹುಟ್ಟಿದೂರಿನ ಎದುರಿಗೆ.

ಡೆಲ್ಬರ್ಟ್ ಹೋದ ಮೇಲೆ ಮಾರ್ಲಿಸ್ ಒಲೆ ಆರಿಸಿದಳು. "ಹೇಳಿಬಿಡು ಅವನಿಗೆ."

"ಹೇಳಿದ್ರೆ ಮೈಕ್ ಇಡ್ತಾನೆ."

"ಇಡ್ಲಿ. ಮನುಷ್ಯನಿಗೆ ವಯಸ್ಸಾಗಿದೆ ಅಂತ ಅವನಿಗೂ ಗೊತ್ತಾಗ್ಲಿ."

"ಅವನು ಮೈಕ್ ಇಟ್ರೆ ನಾನು ಯಾರ ಹಿಂದೆ ನಿಲ್ಲೋದು, ಮಾರ್ಲಿಸ್?"

ಮಾರ್ಲಿಸ್ ಬಾಣಲೆಯನ್ನು ಹತ್ತಿರ ಎಳೆದುಕೊಂಡಳು. ಇನ್ನೊಂದು ತುಂಡು ಮೀನನ್ನು ಅವನ ತಟ್ಟೆಗೆ ಹಾಕಿದಳು.

ಮರುದಿನ ವೆಂಡೆಲ್ ಕಟ್ಟೆಯ ತುದಿಗೆ ನಡೆದ. ಡೆಲ್ಬರ್ಟ್ ಕಹಳೆಗೆ ಎಣ್ಣೆ ಹಾಕುತ್ತಿದ್ದ.

"ಇದರ ಶ್ರುತಿ ಸ್ವಲ್ಪ ಇಳಿಸಬಹುದಾ?" ಎಂದು ವೆಂಡೆಲ್ ಮೆಲ್ಲಗೆ ಕೇಳಿದ.

"ಏನು?"

"ಶ್ರುತಿ! ಇಳಿಸಬಹುದಾ!"

"ಯಾಕೆ?"

"ಗ್ಯಾರೆಟ್‌ಗೋಸ್ಕರ!" ಎಂದು ಕೂಗಿದ ವೆಂಡೆಲ್, ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದವರೆಲ್ಲ ತಿರುಗಿ ನೋಡಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡ. ಡೆಲ್ಬರ್ಟ್ ತಲೆ ಕೆರೆದುಕೊಂಡು ಗಾಳಿಯ ಒತ್ತಡ ಕಡಿಮೆ ಮಾಡಿ ಊದಿಸಿ ನೋಡಿದ. ಕರು ಹಾಕಲಾರದ ಹಸುವಿನಂಥ ಸದ್ದು ಬಂತು. ಊರಿನ ನಾಯಿಗಳೆಲ್ಲ ಬೊಗಳಿದವು. "ಇದಕ್ಕೆ ಬರೋದು ಒಂದೇ ಸ್ವರ ಕಣಯ್ಯಾ," ಎಂದು ಅವನು ಕಹಳೆಯ ಬೆನ್ನು ಸವರಿದ. ಊದಲೇಬೇಡ ಎಂದು ಹೇಳೋಣವೆಂದು ವೆಂಡೆಲ್ ಬಾಯಿ ತೆರೆದ. ಆ ಮುಖ ನೋಡಿ ಹೇಳಲಾಗಲಿಲ್ಲ.

ವಾಪಸು ಬರುವಾಗ ಕಟ್ಟೆಯ ನಡುವೆ ಗ್ಯಾರೆಟ್ ಸಿಕ್ಕ. ಕಹಳೆ ಕೇಳಿ ಓಡಿ ಬಂದಿದ್ದ. ಸರೋವರದಿಂದ ತೆಳುವಾಗಿ ಮಂಜು ಏಳುತ್ತಿತ್ತು, ಅವನ ಬಿಳಿ ಕೂದಲು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ.

"ಗ್ಯಾರೆಟ್, ನಿನಗೊಂದು ವಿಷಯ..."

"ನಾನೇ ಹೇಳ್ತೀನಿ ತಡಿ," ಎಂದ ಗ್ಯಾರೆಟ್ ಅವನ ಹೆಗಲ ಮೇಲೆ ಕೈಹಾಕಿ. "ನಮ್ಮ ಜೊತೆ ಶುರು ಮಾಡಿದೋರೆಲ್ಲ ಹಾಡು ಇಳಿಸ್ಕೊಂಡ್ರು. ಒಬ್ಬರೂ ಬಿಡದೆ. ನಾನೊಬ್ಬನೇ ಎಲ್ಲಿದ್ನೋ ಅಲ್ಲೇ ಇದೀನಿ. ನನಗೆ ಬೇರೆ ಏನೂ ಉಳಿದಿಲ್ಲ ಕಣೋ, ಇಬ್ಬರು ಹೆಂಡ್ತೀರೂ ಹೋದ್ರು, ಮನೆ ಹೋಯ್ತು. ಇದೊಂದು ಇದೆ. ಇದು ಸಾಕು ನನಗೆ. ಏನೋ ಹೇಳ್ತಿದ್ಯಲ್ಲ?"

"ಏನಿಲ್ಲ. ಮಾರ್ಲಿಸ್ ಊಟಕ್ಕೆ ಕರೆದಿದಾಳೆ."

ಅತ್ತ ದರಿ, ಇತ್ತ ಪುಲಿ. ಇಬ್ಬರೂ ಜೊತೆಯಾಗಿ ಮನೆಗೆ ನಡೆದು ಬಂದರು. ದಾರಿಯುದ್ದಕ್ಕೂ ಗ್ಯಾರೆಟ್ ಹಾಡು ಗುನುಗುತ್ತಿದ್ದ, ತನಗೆ ಸುಖವಾದ ಎತ್ತರದಲ್ಲಿ. ವೆಂಡೆಲ್ ಕೇಳುತ್ತಿದ್ದ, ಆದರೆ ತನ್ನ ಭಯದಲ್ಲಿ ಆ ಎತ್ತರ ಯಾವುದೆಂದು ಗಮನಿಸಲಿಲ್ಲ.

ಕಾರ್ಯಕ್ರಮದ ಸಂಜೆ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಸೇಜ್ ಸುಡುವ ಹೊಗೆ, ಮಡಿಸುವ ಕುರ್ಚಿಗಳಲ್ಲಿ ಅಜ್ಜಿಯರು, ಹಳೆಯ ಅಂಗಿಗಳ ಮೇಲೆ ಮಾಸಿದ ಬ್ಯಾಂಡಿನ ಹೆಸರು. ಬೇಸಿಗೆಯಾದರೂ ಸರೋವರ ತನ್ನ ಪಾಡಿಗೆ ಮಂಜನ್ನು ದಡಕ್ಕೆ ಕಳಿಸುತ್ತಿತ್ತು. ವೇದಿಕೆಯ ದೀಪಗಳು ಅದರಲ್ಲಿ ಕರಗಿ, ನೀರು ಎಲ್ಲಿ, ಆಕಾಶ ಎಲ್ಲಿ ಒಂದೂ ತಿಳಿಯದಾಗಿತ್ತು. ವೆಂಡೆಲ್‌ಗೆ ತಾನಿನ್ನೂ ಬಸ್ಸಿನಲ್ಲೇ ಮಲಗಿದ್ದೇನೆ, ಇದೆಲ್ಲ ಕಿಟಕಿಯಾಚೆ ಹಾದುಹೋಗುತ್ತಿದೆ ಎನ್ನಿಸಿತು. ಬೇರೆ ಹಾಡುಗಳೆಲ್ಲ ಎಂದಿನಂತೆ ಮುಗಿದವು. ಕೊನೆಯ ಹಾಡಿಗೆ ಮುಂಚೆ ಹೊಸ ಗಿಟಾರಿನವನಾದ ಟೋಬಿನ್ ಬಂದು ಪಿಸುಗುಟ್ಟಿದ:

"ನಿಜವಾಗ್ಲೂ ಮೇಲಕ್ಕೇರಿಸಲಾ, ವೆಂಡೆಲ್?"

"ಏರಿಸು," ಎಂದ ವೆಂಡೆಲ್. ದೇವರ ಮೇಲೆ ಭಾರ ಹಾಕುವುದು ಬಿಟ್ಟು ಅವನಿಗೆ ಬೇರೇನೂ ಹೊಳೆದಿರಲಿಲ್ಲ.

ಮಂಜಿನೊಳಗಿಂದ ಕಹಳೆ ಊದಿತು. ಜನ ಉಸಿರು ಹಿಡಿದರು, ಮುದುಕರು ಅತ್ತರು. ವೆಂಡೆಲ್ ಅದೇ ಸ್ವರದಲ್ಲಿ ಸೇರಿಕೊಂಡ. ಗ್ಯಾರೆಟ್ ಶುರು ಮಾಡಿದ. ಮೊದಲ ಸಾಲುಗಳು ಹೇಗೋ ಹೋದವು. ಕುತ್ತಿಗೆಯ ನರ ಉಬ್ಬಿದ್ದು ಹಿಂದಿನಿಂದಲೇ ಕಾಣುತ್ತಿತ್ತು. ಏರುವ ಜಾಗ ಬಂತು. ಗ್ಯಾರೆಟ್ ಏರಿದ, ಅರ್ಧದಲ್ಲಿ ಗಂಟಲು ಸೀಳಿತು, ಆಮೇಲೆ ಬರೀ ಗಾಳಿ ಬಂತು.

ಅವನು ಕೈ ಎತ್ತಿದ. ಬ್ಯಾಂಡು ನಿಂತಿತು. ಅಷ್ಟು ಜನರ ನಡುವೆ ಎಲ್ಲೋ ಒಂದು ಮಗು ಅಳುವುದು ಮಾತ್ರ ಕೇಳುತ್ತಿತ್ತು. ಗ್ಯಾರೆಟ್ ಮೈಕು ಬಿಟ್ಟು ವೆಂಡೆಲ್ ಹತ್ತಿರ ಬಂದ.

"ಕಹಳೆ ಮೇಲಿದೆಯೇನೋ? ಡೆಲ್ಬರ್ಟ್ ಏನೋ ಎಡವಟ್ಟು ಮಾಡಿದಾನಾ?"

ವೆಂಡೆಲ್‌ಗೆ ಇನ್ನೊಂದು ಸುಳ್ಳು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಡೆಲ್ಬರ್ಟ್‌ನ ತಲೆಗೆ ಕಟ್ಟಿದರೆ ಮುಗಿಯುತ್ತಿತ್ತು. ಆ ಕಿವುಡನಿಗೆ ಅದು ಕೇಳುತ್ತಲೂ ಇರಲಿಲ್ಲ.

"ಕಹಳೆ ಅಲ್ಲೇ ಇದೆ, ಗ್ಯಾರೆಟ್," ಎಂದ. "ಇಷ್ಟು ವರ್ಷ ನಾವೇ ಕೆಳಗಿದ್ವಿ. ನಾನು ಇಳಿಸಿದೆ."

"ಯಾವಾಗ?"

"ಡುಲುತ್ ಆದ ಮಾರನೇ ದಿನ. ಆಮೇಲೂ ಇಳಿಸ್ತಾ ಬಂದೆ."

ಗ್ಯಾರೆಟ್ ಅವನನ್ನು ನೋಡುತ್ತ ನಿಂತ. ಆ ಕಣ್ಣುಗಳಲ್ಲಿ ವರ್ಷಗಳು ಹಿಂದಕ್ಕೆ ಸರಿಯುತ್ತಿದ್ದವು. "ಹಾಗಾದ್ರೆ ಬ್ರಾಂಡಿ ಜೇನು?"

"ಅದೂ ಒಂಚೂರು ಕೆಲಸ ಮಾಡಿರಬೇಕು."

"ಪಾದ್ರಿಗೆ ಕುಡಿಸಿದ್ನಲ್ಲೋ," ಎಂದ ಗ್ಯಾರೆಟ್. ಅದು ನಗುವೋ ಅಳುವೋ ವೆಂಡೆಲ್‌ಗೆ ತಿಳಿಯಲಿಲ್ಲ. "ಎಲ್ಲರಿಗೂ ಗೊತ್ತಿತ್ತಾ? ನನಗೊಬ್ಬನಿಗೆ ಬಿಟ್ಟು?"

"ಗೊತ್ತಿತ್ತು."

ಗ್ಯಾರೆಟ್ ಬೆನ್ನು ತಿರುಗಿಸಿ ಮೈಕಿನ ಹತ್ತಿರ ಹೋದ. ಅದನ್ನು ಕಂಬದಿಂದ ಬಿಡಿಸಿದ. ಇನ್ನು ಬಾಗುತ್ತಾನೆ, ಕೆಳಗಿಡುತ್ತಾನೆ ಎಂದು ವೆಂಡೆಲ್ ಕಣ್ಣು ಮುಚ್ಚಿಕೊಂಡ. ಎಷ್ಟೋ ವರ್ಷ ಈ ಗಳಿಗೆಯನ್ನು ಅವನು ಹಿಂದಕ್ಕೆ ತಳ್ಳುತ್ತ ಬಂದಿದ್ದ. ಮೈಕು ಹಲಗೆಗೆ ತಾಗುವ ಸದ್ದಿಗಾಗಿ ಕಾದ.

"ಪೋರ್ಟ್ ಹ್ಯಾಲರ್," ಎಂಬ ಮಾತು ಕೇಳಿತು. "ನಮ್ಮ ಕಹಳೆಗೆ ವಯಸ್ಸಾಗಿಲ್ಲ. ನನಗಾಗಿದೆ. ನನ್ನ ಗೆಳೆಯ ಇಷ್ಟು ದಿನ ಅದನ್ನ ನನ್ನಿಂದ ಮುಚ್ಚಿಟ್ಟಿದ್ದ. ಡೆಲ್ಬರ್ಟ್, ಇನ್ನು ಊದಬೇಡಪ್ಪ, ಯಾರಾದ್ರೂ ಅವನಿಗೆ ಸನ್ನೆ ಮಾಡಿ. ಒಂದು ನಿಮಿಷ ಕೊಡಿ ನಮಗೆ."

ಜನರ ನಡುವೆ ನಗು ಎದ್ದು ಅಡಗಿತು. ಗ್ಯಾರೆಟ್ ಬ್ಯಾಂಡಿನ ಕಡೆಗೆ ತಿರುಗಿ, ಕಣ್ಣು ಮುಚ್ಚಿ, ಬಾಯಿ ತೆರೆಯದೆ ಒಂದು ಸ್ವರ ಹಿಡಿದ. ಹುಡುಕಿ ಹುಡುಕಿ ಕೆಳಗಿಳಿದು, ಒಂದು ಕಡೆ ನಿಂತ.

"ಇಲ್ಲಿ," ಎಂದ. "ನನಗೆ ಸುಖ ಇಲ್ಲಿದೆ. ಎಲ್ಲರೂ ಇಲ್ಲಿಗೆ ಬನ್ನಿ."

ಅಷ್ಟು ಜನ ಕಾಯುತ್ತಿರುವಾಗ ಅವರು ತಂತಿ ಸಡಿಲಿಸಲು ತೊಡಗಿದರು. ವೆಂಡೆಲ್ ಬಿರಡೆ ತಿರುಗಿಸುತ್ತ ಅರ್ಧ ಮನೆ ಇಳಿದ, ಇನ್ನರ್ಧ ಇಳಿದ, ಮತ್ತೂ ಅರ್ಧ ಇಳಿದು, ತಾನು ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ ಜಾಗಕ್ಕೆ ಬಂದು ನಿಲ್ಲಿಸಿದ. ಗ್ಯಾರೆಟ್ ಅಡ್ಡಡ್ಡ ತಲೆಯಾಡಿಸಿದ.

"ಇನ್ನೂ ಕೆಳಗೆ ಕಣೋ."

ಇನ್ನರ್ಧ ಮನೆ ಇಳಿಸಿದ.

"ಇನ್ನೂ."

ಆಗ ವೆಂಡೆಲ್‌ಗೆ ಅರ್ಥವಾಯಿತು. ತಾನು ಕಾಪಾಡುತ್ತಿದ್ದೇನೆ ಎಂದುಕೊಂಡ ಇಷ್ಟೂ ಕಾಲ ಈ ಮನುಷ್ಯ ದಿನವೂ ತನ್ನ ಕೈಲಾಗದ ಎತ್ತರದಲ್ಲಿ ತುದಿಗಾಲ ಮೇಲೆ ನಿಂತು ಹಾಡಿದ್ದ. ಕಷ್ಟವಾಗುತ್ತಿದೆ ಎಂದು ಹೇಳಲು ಅವನಿಗೆ ಯಾರೂ ಒಂದು ದಾರಿಯನ್ನೂ ಬಿಟ್ಟಿರಲಿಲ್ಲ, ಅದರಲ್ಲೂ ವೆಂಡೆಲ್. ಕಣ್ಣು ಮಂಜಾಗಿ ಬಿರಡೆ ಕಾಣದಾಯಿತು. ಗ್ಯಾರೆಟ್ ಅವನ ಪಕ್ಕಕ್ಕೇ ಬಂದು ನಿಂತು, ಅವನ ಕಿವಿಯ ಹತ್ತಿರ ಮೆಲ್ಲಗೆ ಆ ಸ್ವರವನ್ನೇ ಹಿಡಿದಿದ್ದ. ವೆಂಡೆಲ್ ಅವನ ಗಂಟಲನ್ನು ಕೇಳುತ್ತ ತಂತಿಯನ್ನು ಸಡಿಲಿಸುತ್ತ ಹೋದ.